ಉಗ್ರಬಾಹುವಿನ ಬೇರಿಂಗ್

ಮೊದಲೇ ಕ್ಷಮೆ ಕೇಳಿಬಿಡುತ್ತೇನೆ. ಈ ಕತೆಯಲ್ಲಿ ಅರ್ಧ ಕಾರ್ಖಾನೆ, ಅರ್ಧ ನಾಟಕ. ಕಾರ್ಖಾನೆ ಬಲ್ಲವರು ಯಂತ್ರದ ವಿಷಯದಲ್ಲಿ ನನ್ನ ತಪ್ಪು ಹಿಡಿಯಬಹುದು, ನಾಟಕ ಬಲ್ಲವರು ನಾಟಕದ ವಿಷಯದಲ್ಲಿ ಹಿಡಿಯಬಹುದು. ಸುಮ್ಮನಿದ್ದುಬಿಡೋಣವೆಂದರೆ ಹೊಸಕೋಟೆ ಬಸ್‌ಸ್ಟ್ಯಾಂಡಿನಲ್ಲಿ ಇದನ್ನು ಈಗಾಗಲೇ ತಲೆಗೊಂದು ಥರ ಹೇಳುತ್ತಿದ್ದಾರೆ. ಒಬ್ಬರಂತೂ ಸಿದ್ದರಾಜು ಕಂಪ್ರೆಸರಿಗೆ ಗದೆಯಿಂದ ಹೊಡೆದ ಅಂದರು. ಹೊಡೆಯಲಿಲ್ಲ. ಅಷ್ಟನ್ನಾದರೂ ಸರಿಪಡಿಸಬೇಕೆಂದು ಬರೆಯುತ್ತಿದ್ದೇನೆ.

ಎಲ್ಲಕ್ಕೂ ಮೂಲ ಒಂದು ಹೆಲ್ಮೆಟ್ಟು.

ಸಿದ್ದರಾಜು ಹೊಸಕೋಟೆ ಪಕ್ಕದ ಪಿಲ್ಲಗುಂಪೆ ಕೈಗಾರಿಕಾ ಪ್ರದೇಶದಲ್ಲಿ, ವಾಹನಗಳ ಕುಲುಕಾಟ ತಡೆಯುವ ರಬ್ಬರ್ ಬುಷ್ ಮಾಡುವ ಕಾರ್ಖಾನೆಯೊಂದರಲ್ಲಿ ಮೇಂಟೆನೆನ್ಸ್ ಕೆಲಸಕ್ಕಿದ್ದ. ದಿನಕ್ಕೊಂದು ಸುತ್ತು ಹೋಗಿ, ಮೋಟಾರು ಮುಟ್ಟಿ, ಗೇಜು ನೋಡಿ, ಬೆಲ್ಟು ಅಲ್ಲಾಡಿಸಿ, ಸರಿ ಇದ್ದದ್ದನ್ನು ಸರಿ ಎಂದು ಹಾಳೆಯಲ್ಲಿ ಗುರುತು ಹಾಕುವುದು ಅವನ ಕೆಲಸ. ಗ್ರೀಸ್ ಕೈಯಲ್ಲಿ ಗುರುತು ಹಾಕಿದ ಹಾಳೆ ಸಂಜೆಯ ಹೊತ್ತಿಗೆ ಬಜ್ಜಿ ಕಟ್ಟಿದ ಪೇಪರಿನ ಹಾಗೆ ಆಗಿರುತ್ತಿತ್ತು. ಅದಕ್ಕೇ ಕಂಪನಿಯವರು ಮಾತನಾಡುವ ಹೆಲ್ಮೆಟ್ ತರಿಸಿದರು. ಕಿವಿಯ ಹತ್ತಿರ ಒಂದು ಸ್ಪೀಕರು, ಬಾಯಿಯ ಹತ್ತಿರ ಒಂದು ಮೈಕು. ಒಳಗಿನಿಂದ ಒಬ್ಬ ಹೆಂಗಸು ಪಾಠ ಓದಿದಂತೆ ಕೇಳುತ್ತಾಳೆ, "ಕಂಪ್ರೆಸರಿನ ಒತ್ತಡ ಎಷ್ಟಿದೆ?" ಹಾಕಿಕೊಂಡವರು ಬಾಯಲ್ಲೇ ಹೇಳಬೇಕು. ಎರಡೂ ಕೈ ಸ್ಪ್ಯಾನರ್ ಹಿಡಿಯಲು ಬಿಡುವು.

ಅದನ್ನು ಮಾರಿದ ಕಂಪನಿಯ ಇಂಜಿನಿಯರ್ ಭಾನುಪ್ರಕಾಶ್ ಒಂದು ದಿನ ಬಂದು ಸಿದ್ದರಾಜುವಿನ ಧ್ವನಿಯನ್ನು ಹೆಲ್ಮೆಟ್ಟಿಗೆ ಪರಿಚಯ ಮಾಡಿಸಿದ. "ಗುರು, ಈ ಮಾತುಗಳನ್ನ ಒಂದೊಂದಾಗಿ ಹೇಳಿ. ಇಲ್ಲಿ ಮಿಷಿನ್ ಸೌಂಡು ಜಾಸ್ತಿ, ಸ್ವಲ್ಪ ಜೋರಾಗಿ ಹೇಳಿ" ಅಂದ.

ತಪ್ಪು ನಡೆದದ್ದು ಅಲ್ಲಿ. ಸಿದ್ದರಾಜುವಿನ ಊರಿನಲ್ಲಿ ಹಾಲಿನ ಡೇರಿಗೆ ಹೊಸ ಕಟ್ಟಡವಾಗಿತ್ತು. ಅದರ ಪ್ರಾರಂಭಕ್ಕೆ ಊರವರು ನಾಟಕ ಇಟ್ಟುಕೊಂಡಿದ್ದರು. ಹಾರ್ಮೋನಿಯಂ ಮೇಷ್ಟ್ರು ಮುನಿವೆಂಕಟಪ್ಪನವರು ತಾವೇ ಬರೆದ ನಾಟಕ. ಅದರಲ್ಲಿ ಉಗ್ರಬಾಹು ಎಂಬ ರಾಕ್ಷಸ ರಾಜನ ಪಾತ್ರ ಸಿದ್ದರಾಜುವಿಗೆ ಸಿಕ್ಕಿತ್ತು. ಅಷ್ಟು ವರ್ಷ ಅವನು ಆಡಿದ್ದು ಬಾಗಿಲ ಭಟನನ್ನು, ಅದೂ ಮಾತಿಲ್ಲದ ಭಟನನ್ನು. ಮೇಷ್ಟ್ರು ಕಟ್ಟಪ್ಪಣೆ ಮಾಡಿದ್ದರು: "ನಾಟಕ ಮುಗಿಯೋವರ್ಗೂ ಆ ದನಿ ಇಳಿಸ್ಕೂಡ್ದು ಕಣೋ. ಮನೇಲಿ ನೀರು ಕೇಳಿದ್ರೂ ಉಗ್ರಬಾಹು ಕೇಳ್ದಂಗಿರ್ಬೇಕು." ಸಿದ್ದರಾಜು ಮಾತು ಮೀರುವವನಲ್ಲ. ಮನೆಯಲ್ಲಿ ಹಾಗೆಯೇ ನೀರು ಕೇಳುತ್ತಿದ್ದ, ಮಕ್ಕಳು ಅಳುತ್ತಿದ್ದರು. ಭಾನುಪ್ರಕಾಶ್ ಜೋರಾಗಿ ಹೇಳಿ ಅಂದಾಗ ಅವನ ಬಾಯಿಗೆ ಬಂದದ್ದೂ ಅದೇ ದನಿ.

"ಸರೀ...ಯಾಗಿದೇ! ಹ್ಹ ಹ್ಹ ಹ್ಹಾ! ಬಿಸೀ...ಯಾಗಿದೇ! ಹ್ಹ ಹ್ಹ ಹ್ಹಾ!"

ಉಗ್ರಬಾಹುವಿನ ಪ್ರತಿ ಮಾತಿನ ಕೊನೆಗೂ ಒಂದು ಅಟ್ಟಹಾಸ ಇತ್ತು. ಅದನ್ನೂ ಬಿಡಲಿಲ್ಲ. "ಸೂಪರ್ ಕ್ಲಾರಿಟಿ ಗುರು" ಎಂದು ಭಾನುಪ್ರಕಾಶ್ ಬೆನ್ನು ತಟ್ಟಿ ಹೋದ.

ಕತೆಯ ದಿನ ಬಂತು. ಸಂಜೆ ನಾಟಕ. ಧ್ವನಿವರ್ಧಕಕ್ಕೆ ಪೊಲೀಸರು ಊಟದ ಹೊತ್ತಿನವರೆಗೆ ಮಾತ್ರ ಅನುಮತಿ ಕೊಟ್ಟಿದ್ದರಿಂದ ದೀಪ ಹಚ್ಚುವ ಸಮಯಕ್ಕೇ ಪರದೆ ಏಳಬೇಕು. ಬಣ್ಣ ಕಲಸುವಾಗ ಎದುರಿಗೆ ಕೂತಿರದವನ ಪಾತ್ರ ಬೇರೆಯವನಿಗೆ ಹೋಗುವುದು ಮೇಷ್ಟ್ರ ಕಾಯಿದೆ. ಆ ಬೇರೆಯವನೂ ತಯಾರಿದ್ದ. ಅದೇ ಊರಿನವನು, ಅದೇ ಕಾರ್ಖಾನೆಯ ಸ್ಟೋರ್ಸಿನಲ್ಲಿ, ಮಧ್ಯಾಹ್ನಕ್ಕೇ ಮುಗಿಯುವ ಶಿಫ್ಟಿನಲ್ಲಿ ಕೆಲಸ ಮಾಡುವ ಕಾಂತರಾಜು. ಉಗ್ರಬಾಹುವಿನ ಅಷ್ಟೂ ಮಾತು, ಅಷ್ಟೂ ನಗು ಅವನಿಗೆ ಬಾಯಿಪಾಠ.

ಸಿದ್ದರಾಜು ಬೆಳಿಗ್ಗೆಯೇ ಮ್ಯಾನೇಜರ್ ಭೀಮರಾಜ್ ಅವರ ಮುಂದೆ ಕೈಕಟ್ಟಿ ನಿಂತ. "ಸಾರ್, ಮಧ್ಯಾಹ್ನದ ಮೇಲೆ ಒಂದು ಗೇಟ್‌ಪಾಸ್ ಬೇಕಾಗಿತ್ತು."

"ಇವತ್ತಾ? ಕಸ್ಟಮರ್ ಕಡೆಯಿಂದ ಸಂಘಮಿತ್ರ ಮೇಡಂ ಬರ್ತಿದಾರೆ, ಹೆಲ್ಮೆಟ್ ನೋಡೋಕೆ. ಅವ್ರು ಖುಷಿಯಾಗಿ ಹೋಗ್ಲಿ, ನಿಂಗೆ ಪಾಸ್ ಕೊಡ್ತೀನಿ. ಇಲ್ಲಾಂದ್ರೆ ರಾತ್ರಿವರ್ಗೂ ಇಲ್ಲೇ ಬಿದ್ದಿರು."

ಬಾಗಿಲ ಹೊರಗೆ ಕಾಂತರಾಜು ನಿಂತಿದ್ದ. "ಏನಂದ್ರು? ಕೊಡಲ್ವಂತಾ? ಅಯ್ಯೋ ಪಾಪ. ಕಿರೀಟ ನಿನ್ ತಲೆಗೆ ಅಂತಾನೇ ಅಳತೆ ಮಾಡ್ಸಿದ್ರು. ನಂದು ಒಂಚೂರು ದೊಡ್ಡ ತಲೆ. ಇರ್ಲಿ ಬಿಡು, ಅಡ್ಜಸ್ಟ್ ಮಾಡ್ಕೋತೀನಿ."

ಸಂಘಮಿತ್ರ ಮೇಡಂ ಬಂದರು. ಅವರ ಹಿಂದೆ ಭೀಮರಾಜ್, ಭೀಮರಾಜ್ ಹಿಂದೆ ಭಾನುಪ್ರಕಾಶ್, ಅವನ ಹಿಂದೆ ಏನೋ ಕೆಲಸವಿದ್ದವರಂತೆ ಅರ್ಧ ಕಾರ್ಖಾನೆ. ಸಿದ್ದರಾಜು ಸ್ನಾನ ಮಾಡಿಸಿದ ಎತ್ತಿನ ಹಾಗೆ ಹೊಳೆಯುತ್ತಾ ಕಂಪ್ರೆಸರ್ ಮುಂದೆ ನಿಂತು ಹೆಲ್ಮೆಟ್ ಹಾಕಿಕೊಂಡ.

"ಕಂಪ್ರೆಸರಿನ ಒತ್ತಡ ಸರಿಯಾಗಿದೆಯೇ?" ಎಂದಳು ಹೆಲ್ಮೆಟ್ಟಿನವಳು.

ಸಿದ್ದರಾಜು, ಮೇಡಂ ಮುಂದೆ ಮರ್ಯಾದೆಯಿಂದ ಇರಬೇಕೆಂದು, ಮೆತ್ತಗೆ "ಸರಿಯಾಗಿದೆ" ಅಂದ.

"ನಿಮ್ಮ ಧ್ವನಿಯನ್ನು ಗುರುತಿಸಲಾಗಲಿಲ್ಲ. ದಯವಿಟ್ಟು ಸಿದ್ದರಾಜು ಅವರನ್ನು ಕರೆಯಿರಿ."

"ನಾನೇ ಕಣಮ್ಮ."

"ದಯವಿಟ್ಟು ಸಿದ್ದರಾಜು ಅವರನ್ನು ಕರೆಯಿರಿ."

ಭೀಮರಾಜ್ ಹಣೆ ಒರೆಸಿಕೊಂಡರು. ಭಾನುಪ್ರಕಾಶ್ ತನ್ನ ಟ್ಯಾಬ್ ಒತ್ತಿದ, ತಿರುಗಿಸಿ ಒತ್ತಿದ, ಕೊನೆಗೆ ಅಂಗಿಗೆ ಒರೆಸಿ ಒತ್ತಿದ. ಸಿದ್ದರಾಜು ಮೆತ್ತಗೆ ಹೇಳಿದ, ನಿಧಾನವಾಗಿ ಹೇಳಿದ, ಶಾಲೆಯ ಮಗುವಿನಂತೆ ಅಕ್ಷರ ಬಿಡಿಸಿ ಹೇಳಿದ. ಅವಳು ಸಿದ್ದರಾಜುವನ್ನು ಕರೆಯಿರಿ ಎನ್ನುತ್ತಲೇ ಇದ್ದಳು. ದೂರದಲ್ಲಿ ಕಾಂತರಾಜು ಕಿರೀಟ ಇಟ್ಟುಕೊಂಡವನಂತೆ ಕತ್ತು ನೆಟ್ಟಗೆ ಮಾಡಿ ನಿಂತಿರುವುದು ಕಂಡಿತು. ಸಿದ್ದರಾಜುವಿಗೆ ಪಿತ್ತ ನೆತ್ತಿಗೇರಿತು.

"ಸರೀ...ಯಾಗಿದೇ!" ಎಂದು ಗುಡುಗಿದ.

"ನಮಸ್ಕಾರ ಸಿದ್ದರಾಜು ಅವರೇ" ಎಂದಳು ಹೆಲ್ಮೆಟ್ಟಿನವಳು. ಆಮೇಲೆ ಸುಮ್ಮನಾದಳು. ಏನನ್ನೋ ಕಾಯುವಂತಿತ್ತು. ಸಿದ್ದರಾಜುವಿಗೆ ಅರ್ಥವಾಯಿತು. ನಾಚಿಕೆಯಿಂದ ಮುಖ ಕೆಂಪಗೆ ಮಾಡಿಕೊಂಡು, "ಹ್ಹ ಹ್ಹ ಹ್ಹಾ" ಅಂದ.

"ದಾಖಲಾಯಿತು. ಮುಂದಿನ ಪರಿಶೀಲನೆ."

ಸಂಘಮಿತ್ರ ಮೇಡಂ ಎರಡು ಹೆಜ್ಜೆ ಹಿಂದೆ ಸರಿದಿದ್ದರು. "ಇವ್ರು ಯಾಕೆ ನಗ್ತಾರೆ?"

ಭೀಮರಾಜ್ ಹೇಳಿದರು, "ಪಾಸಿಟಿವ್ ಆಟಿಟ್ಯೂಡ್ ಮೇಡಂ. ನಮ್ಮಲ್ಲಿ ಎಲ್ರೂ ಹಿಂಗೇ."

ಅಲ್ಲಿಂದ ಶುರುವಾಯಿತು. ಕೂಲಿಂಗ್ ಟವರಿನ ನೀರು, ಹ್ಹ ಹ್ಹ ಹ್ಹಾ. ಪ್ರೆಸ್ಸಿನ ಆಯಿಲ್ ಮಟ್ಟ, ಹ್ಹ ಹ್ಹ ಹ್ಹಾ. ಪ್ರತಿ ಗೇಜಿಗೂ ಒಂದು ಗರ್ಜನೆ, ಪ್ರತಿ ಬೆಲ್ಟಿಗೂ ಒಂದು ಅಟ್ಟಹಾಸ. ಸಿದ್ದರಾಜು ಒಳಗೊಳಗೇ ಲೆಕ್ಕ ಹಾಕುತ್ತಿದ್ದ. ಇರುವುದು ಒಂದೇ ಗಂಟಲು. ಇಲ್ಲಿ ಉಳಿಸಿದರೆ ಪಾಸ್ ಇಲ್ಲ, ಇಲ್ಲಿ ಕಳೆದರೆ ಸಂಜೆಗೆ ದನಿ ಇಲ್ಲ. ಹೇಗಾದರೂ ಕಡಿಮೆ ಖರ್ಚಿನಲ್ಲಿ ಮುಗಿಸೋಣವೆಂದು ಒಮ್ಮೆ ಬರೀ "ಹ್ಹ" ಎಂದು ನಿಲ್ಲಿಸಿದ. "ವಾಕ್ಯ ಅಪೂರ್ಣವಾಗಿದೆ" ಎಂದಳು ಅವಳು.

ಕ್ಯಾಂಟೀನಿನ ಪಾಪಮ್ಮ ಕೂಗು ಕೇಳಿ ಲೋಟ ಹಿಡಿದು ಓಡಿ ಬಂದರು. "ಅಯ್ಯೋ, ಯಾರಿಗ್ ಏನಾಯ್ತು? ಕೈ ಸಿಕ್ಕಾಕೊಂಡ್ತಾ?"

"ಇಲ್ಲ ಪಾಪಮ್ಮ, ಎಲ್ಲಾ ಸರಿಯಾಗಿದೆ ಅಂತ ಹೇಳ್ತಾವ್ನೆ" ಎಂದ ಗುಂಪಿನಲ್ಲೊಬ್ಬ.

"ಸರಿಯಾಗಿದ್ರೆ ಯಾಕಂಗ್ ಕಿರುಚ್ಕೋತಾನೆ? ತಗಳಪ್ಪ, ಮೆಣಸಿನ ಕಷಾಯ ಕುಡಿ."

ಒಬ್ಬ ಜೇನುತುಪ್ಪ ಅಂದ, ಒಬ್ಬ ಉಪ್ಪುನೀರು ಅಂದ, ಒಬ್ಬ ಅತಿಮಧುರದ ಕಡ್ಡಿ ಅಗಿಯಬೇಕು ಅಂದ. ಸಿದ್ದರಾಜು ಯಾರಿಗೂ ಬೇಸರವಾಗಬಾರದೆಂದು ಎಲ್ಲವನ್ನೂ ಒಂದರ ಮೇಲೊಂದು ಬಾಯಿಗೆ ಹಾಕಿಕೊಂಡ. ಗಂಟಲು ಹಳೇ ಸೈಕಲ್ಲಿನ ಚೈನಿನ ಹಾಗೆ ಕರಕರ ಅನ್ನತೊಡಗಿತು.

ನಡುವೆ ಮೇಡಂ ಕೇಳಿದರು, "ಏನಾದ್ರೂ ಡೇಂಜರ್ ಇದ್ರೆ ಇದು ಏನ್ ಮಾಡತ್ತೆ?"

ಭಾನುಪ್ರಕಾಶ್ ಉಬ್ಬಿದ. "ಒಂದೇ ದೋಷನ ಮೂರು ಸಲ ಹೇಳಿದ್ರೆ ಸೀರಿಯಸ್ ಅಂತ ತಗೊಂಡು ಮಿಷಿನ್ನನ್ನ ತಾನೇ ನಿಲ್ಸಿಬಿಡತ್ತೆ ಮೇಡಂ. ಮತ್ತೆ ಇದನ್ನ ಹಾಕ್ಕೊಂಡು ಯಾರು ಬೇಕಾದ್ರೂ ಇನ್ಸ್‌ಪೆಕ್ಷನ್ ಮಾಡ್ಬೋದು. ಎಲ್ಲಿ ಮುಟ್ಟಬೇಕು, ಏನು ನೋಡ್ಬೇಕು, ಇದೇ ಹೇಳ್ಕೊಡತ್ತೆ. ಅನುಭವ ಬೇಕಾಗಿಲ್ಲ."

ಕೊನೆಗೆ ಉಳಿದದ್ದು ರಬ್ಬರ್ ಅರೆಯುವ ಮಿಕ್ಸಿಂಗ್ ಮಿಲ್ಲು. ಸಿದ್ದರಾಜು ಬಾಯಿ ತೆರೆದ. ಗಾಳಿ ಬಂತು, ಮಾತು ಬರಲಿಲ್ಲ. ಇನ್ನೊಮ್ಮೆ ತೆರೆದ. ಪಂಕ್ಚರ್ ಆದ ಟ್ಯೂಬನ್ನು ನೀರಲ್ಲಿ ಮುಳುಗಿಸಿದಂತೆ ಸದ್ದಾಯಿತು, ಅಷ್ಟೇ.

"ದಯವಿಟ್ಟು ಸಿದ್ದರಾಜು ಅವರನ್ನು ಕರೆಯಿರಿ" ಎಂದಳು ಅವಳು.

ಭೀಮರಾಜ್ ಮುಖ ಸುಣ್ಣ ಹೊಡೆದಂತಾಯಿತು. ಆಗ ಗುಂಪನ್ನು ಸೀಳಿಕೊಂಡು ಕಾಂತರಾಜು ಮುಂದೆ ಬಂದ. ಸಿದ್ದರಾಜುವಿನ ತಲೆಯಿಂದ ಹೆಲ್ಮೆಟ್ ತೆಗೆದು ತನ್ನ ತಲೆಗೆ ಇಟ್ಟುಕೊಂಡ. ಎದೆ ಉಬ್ಬಿಸಿ, ಒಂದು ಕಾಲು ಮುಂದಿಟ್ಟು, ಮೇಷ್ಟ್ರು ಕಲಿಸಿದ ಅದೇ ದನಿಯಲ್ಲಿ ಗುಡುಗಿದ: "ಸರೀ...ಯಾಗಿದೇ! ಹ್ಹ ಹ್ಹ ಹ್ಹಾ!"

"ನಮಸ್ಕಾರ ಸಿದ್ದರಾಜು ಅವರೇ. ದಾಖಲಾಯಿತು."

"ಇವ್ನು ಸ್ಟೋರ್ಸಿನವ್ನು ಮೇಡಂ" ಎಂದರು ಭೀಮರಾಜ್. ಮೇಡಂ ಚಪ್ಪಾಳೆ ತಟ್ಟಿದರು. "ಸ್ಟೋರ್ಸಿನವ್ರು ಕೂಡ ಮಾಡ್ಬೋದು ಅಂದ್ರೆ ಇದು ನಿಜವಾಗ್ಲೂ ಚೆನ್ನಾಗಿದೆ. ಸಂಜೆ ಶಿಫ್ಟಲ್ಲಿ ಇವರ ಕೈಯಲ್ಲೇ ಇನ್ನೊಂದ್ ರೌಂಡ್ ಮಾಡ್ಸಿ. ನೋಡ್ಕೊಂಡೇ ಹೋಗ್ತೀನಿ."

ಕಾಂತರಾಜುವಿನ ಎದೆ ಉಬ್ಬಿದ್ದದ್ದು ಅಲ್ಲೇ ಇಳಿಯಿತು. "ಸಾರ್, ಸಂಜೆ ನಮ್ಮೂರಲ್ಲಿ..."

"ಊರು ಎಲ್ಲೂ ಓಡೋಗಲ್ಲ" ಎಂದರು ಭೀಮರಾಜ್. ಸಿದ್ದರಾಜುವಿನ ಕೈಗೆ ಗೇಟ್‌ಪಾಸ್ ತುರುಕಿದರು. "ಹೋಗಪ್ಪಾ, ಮನೆಗೆ ಹೋಗಿ ರೆಸ್ಟ್ ತಗೋ."

ಪಾಸ್ ಇದ್ದವನಿಗೆ ದನಿಯಿಲ್ಲ, ದನಿ ಇದ್ದವನಿಗೆ ಪಾಸಿಲ್ಲ.

ಆದರೂ ಸಿದ್ದರಾಜು ಹಿಗ್ಗಿನಿಂದಲೇ ಊರಿಗೆ ಓಡಿದ. ಬಣ್ಣ ಕಲಸುವ ಹೊತ್ತಿಗೆ ಸರಿಯಾಗಿ ಹೋಗಿ ಮುಖ ಒಡ್ಡಿದ. ಮುಖಕ್ಕೆ ಕೆಂಪು ಬಂತು, ಹುಬ್ಬು ಕಿವಿಯವರೆಗೆ ಹೋಯಿತು, ಮೀಸೆ ಅಂಟಿತು. ಕಿರೀಟ ಇಡುವಾಗ ಮೇಷ್ಟ್ರು, "ಎಲ್ಲಿ, ಒಂದ್ಸಲ ನಗು" ಅಂದರು.

ಸಿದ್ದರಾಜು ನಕ್ಕ. ಬೆಕ್ಕು ಮೀನಿನ ಮುಳ್ಳು ಕಕ್ಕಿದಂತಾಯಿತು.

ಮೇಷ್ಟ್ರ ಕೈಯಿಂದ ಕಿರೀಟ ಜಾರಿತು. "ಹಾಳಾಗೋಗ! ಎಲ್ಲೋ ಹಾಕ್ಬಂದೆ ದನೀನಾ? ಕಾಂತರಾಜು ಎಲ್ಲಿ?"

ಸಿದ್ದರಾಜು ಕೈಸನ್ನೆಯಲ್ಲಿ ಹೆಲ್ಮೆಟ್ ತೋರಿಸಿದ, ಫ್ಯಾಕ್ಟರಿ ತೋರಿಸಿದ, ಅಟ್ಟಹಾಸ ತೋರಿಸಿದ. ಮೇಷ್ಟ್ರಿಗೆ ಏನೂ ತಿಳಿಯಲಿಲ್ಲ. ಸಿದ್ದರಾಜುವಿನ ಫೋನಿನಿಂದ ಕಾಂತರಾಜುವಿಗೆ ಮಾಡಿದ ಮೇಲೆ ಎಲ್ಲವೂ ತಿಳಿಯಿತು. ಪರದೆ ಏಳುವ ಸಮಯ. ಹೊರಗೆ ಸಿದ್ದರಾಜುವಿನ ಹೆಂಡತಿಯ ತವರಿನವರು ಮುಂದಿನ ಸಾಲಿನಲ್ಲಿ ಚಾಪೆ ಹಾಸಿ ಕೂತುಬಿಟ್ಟಿದ್ದರು. ಮೇಷ್ಟ್ರು ಹಾರ್ಮೋನಿಯಂ ಮೇಲೆ ತಲೆ ಇಟ್ಟು ಯೋಚಿಸಿದರು. ಹಾರ್ಮೋನಿಯಂ ಒಮ್ಮೆ ನರಳಿತು. ಆಮೇಲೆ ಅವರು ತಲೆ ಎತ್ತಿದರು.

"ಕಾಂತರಾಜು, ಫೋನ್ ಇಡ್ಬೇಡ. ಜೇಬಲ್ಲಿಟ್ಕೊಂಡು, ಕಿವಿಗೆ ಇಯರ್‌ಫೋನ್ ಸಿಗಿಸ್ಕೊಂಡು ಅಲ್ಲಿಂದ್ಲೇ ಮಾತಾಡು. ನಾನಿಲ್ಲಿ ಪರದೆ ಹಿಂದೆ ನಿಂತು ಸಿದ್ದರಾಜು ಫೋನು ಮೈಕಿಗೆ ಹಿಡೀತೀನಿ. ಇವ್ನು ಬಾಯಾಡಿಸ್ಲಿ."

"ಅಂದ್ರೆ ದನಿ ನಂದು, ಹಾರ ಅವನ್ದಾ?"

"ಲೇ, ಊರಿನ ಮಾನದ ಪ್ರಶ್ನೆ ಕಣೋ."

ಕಾಂತರಾಜು ಒಪ್ಪಿದ. ಒಂದು ಕಿವಿಯಲ್ಲಿ ಹೆಲ್ಮೆಟ್ಟಿನವಳು, ಇನ್ನೊಂದು ಕಿವಿಯಲ್ಲಿ ಹಾರ್ಮೋನಿಯಂ, ಹಿಂದೆ, ಮಿಷಿನ್ ಸದ್ದಿನಲ್ಲಿ ಗರ್ಜನೆ ಬಿಟ್ಟು ಮಾತು ಕೇಳಿಸದಷ್ಟು ದೂರದಲ್ಲಿ, ಮ್ಯಾನೇಜರು, ಮೇಡಮ್ಮು. ಹೀಗೆ ಅವನು ಸಂಜೆಯ ಸುತ್ತು ಹೊರಟ.

ಪರದೆ ಎದ್ದಿತು. ಉಗ್ರಬಾಹು ಗದೆ ತಿರುಗಿಸುತ್ತಾ ಬಂದ. ಬಾಯಿ ತೆರೆದ. ಮೈಕಿನಲ್ಲಿ ಸಿಡಿಲು ಬಡಿದಂತೆ ದನಿ ಬಂತು. ಮುಂದಿನ ಸಾಲಿನಲ್ಲಿದ್ದ ಅತ್ತೆ ಮುನಿಲಕ್ಷ್ಮಮ್ಮ ಕೆನ್ನೆಗೆ ಕೈಹಚ್ಚಿ, "ನಮ್ ಅಳಿಯಂದಾ ಈ ದನಿ!" ಅಂದರು. ಸಿದ್ದರಾಜುವಿಗೆ ಅದೇ ಸ್ವರ್ಗ.

ಎದುರಿಗೆ ಧರ್ಮಸೇನ ಮಹಾರಾಜನಾಗಿ ಡೇರಿಯ ಕಾರ್ಯದರ್ಶಿ ಚಿಕ್ಕವೆಂಕಟಪ್ಪ ನಿಂತಿದ್ದ. ಉಗ್ರಬಾಹು ಅವನ ಮೇಲೆ ಏರಿಹೋದ.

"ಎಲವೋ ಧರ್ಮಸೇನಾ! ಮೂರು ಲೋಕಗಳನ್ನೂ ಮುಷ್ಟಿಯಲ್ಲಿ ಹಿಡಿದ ಈ ಉಗ್ರಬಾಹುವಿನ ಎದುರು ನಿಲ್ಲುವ ಧೈರ್ಯವೇ ನಿನಗೆ? ನಿನ್ನ ರಥಗಳೆಲ್ಲಿ? ನಿನ್ನ ಆನೆಗಳೆಲ್ಲಿ? ಮಿಕ್ಸಿಂಗ್ ಮಿಲ್ಲಿನ ಎಡಗಡೆ ಬೇರಿಂಗ್ ಬಿಸೀ...ಯಾಗಿದೇ! ಹ್ಹ ಹ್ಹ ಹ್ಹಾ!"

ಚಿಕ್ಕವೆಂಕಟಪ್ಪನೂ ಡೇರಿಗೆ ಸೇರುವ ಮುಂಚೆ ಪಿಲ್ಲಗುಂಪೆಯಲ್ಲಿ ದುಡಿದವನು. ಬಾಯಿಗೆ ಬಂದದ್ದನ್ನು ಅಂದುಬಿಟ್ಟ: "ಹಾಗಾದರೆ ಗ್ರೀಸ್ ಹಾಕಿಸೆಲೋ, ರಾಕ್ಷಸಾಧಮಾ!"

ಸಭೆ ಸಿಡಿಯಿತು. ಕೂತವರಲ್ಲಿ ಅರ್ಧಕ್ಕರ್ಧ ಜನ ಪಿಲ್ಲಗುಂಪೆಯ ಶಿಫ್ಟು ಮುಗಿಸಿ ಬಂದವರೇ. ಶಿಳ್ಳೆ, ಕೇಕೆ, ಟವೆಲ್ ಎಸೆತ. "ಒನ್ಸ್ ಮೋರ್! ಬೇರಿಂಗ್ ಒನ್ಸ್ ಮೋರ್!"

ನಮ್ಮ ಕಡೆ ನಾಟಕದಲ್ಲಿ ಜನ ಒನ್ಸ್ ಮೋರ್ ಅಂದರೆ, ರಂಗದ ಮೇಲೆ ಸತ್ತು ಬಿದ್ದವನೂ ಎದ್ದು ಹಾಡಿ ಮತ್ತೆ ಸಾಯಬೇಕು. ಇಲ್ಲವೆನ್ನುವ ಹಾಗಿಲ್ಲ. ಫೋನಿನಲ್ಲಿ ಆ ಕೂಗು ಕೇಳಿದ ಕಾಂತರಾಜುವಿನ ಮೈ ಜುಮ್ಮೆಂದಿತು. ಅವನ ಜನ್ಮದಲ್ಲಿ ಯಾರೂ ಅವನಿಗೆ ಒನ್ಸ್ ಮೋರ್ ಅಂದಿರಲಿಲ್ಲ.

"ಬೇರಿಂಗ್ ಬಿಸೀ...ಯಾಗಿದೇ! ಹ್ಹ ಹ್ಹ ಹ್ಹಾ!"

"ಒನ್ಸ್ ಮೋರ್!"

"ಬೇರಿಂಗ್ ಬಿಸೀ...ಯಾಗಿದೇ! ಹ್ಹ ಹ್ಹ ಹ್ಹಾ!"

ಅಲ್ಲಿಗೆ ಮೂರು ಸಲವಾಯಿತು. ಪಿಲ್ಲಗುಂಪೆಯಲ್ಲಿ ಹೆಲ್ಮೆಟ್ಟಿನವಳು "ಅಪಾಯ" ಎಂದು ಹೇಳಿ ಮಿಲ್ಲನ್ನು ನಿಲ್ಲಿಸಿದಳು. ಮಿಲ್ಲು ನಿಂತದ್ದಕ್ಕೆ ಮುಂದಿನ ಪ್ರೆಸ್ಸುಗಳು ನಿಂತವು. ಕೆಂಪು ದೀಪ ತಿರುಗಿತು, ಸೈರನ್ ಕೂಗಿತು. ಆ ಸೈರನ್ನೂ ಫೋನಿನ ಮೂಲಕ ನಾಟಕಕ್ಕೆ ಬಂತು. ಯುದ್ಧದ ಕಹಳೆ ಎಂದು ಜನ ಇನ್ನೊಮ್ಮೆ ಶಿಳ್ಳೆ ಹೊಡೆದರು.

ಸ್ಟೋರ್ಸಿನ ಕಾಂತರಾಜುವಿಗೆ ಬೇರಿಂಗ್ ಬಿಚ್ಚಲು ಬರುವುದಿಲ್ಲ. ಬಿಚ್ಚದೆ ನೋಡದೆ ಮಿಲ್ಲನ್ನು ಮತ್ತೆ ಓಡಿಸಲು ಹೆಲ್ಮೆಟ್ಟಿನವಳು ಬಿಡುವುದಿಲ್ಲ. ಭೀಮರಾಜ್ ಇಯರ್‌ಫೋನ್ ಎಳೆದುಹಾಕಿ ಅವನ ಜೇಬಿನಲ್ಲಿದ್ದ ಫೋನು ಕಿತ್ತುಕೊಂಡರು. ಅದರ ಮೇಲೆ ಸಿದ್ದರಾಜುವಿನ ಹೆಸರೇ ಕಂಡಿತು.

ಇತ್ತ ರಂಗದ ಮೇಲೆ ಉಗ್ರಬಾಹು ಗದೆ ಎತ್ತಿ ಬಾಯಿ ತೆರೆದಿದ್ದ.

"ಲೋ ಸಿದ್ದರಾಜು! ಎಲ್ಲಿ ಸತ್ತಿದೀಯೋ? ಲೈನೆಲ್ಲಾ ನಿಂತೋಗಿದೆ! ಗಾಡಿ ಕಳಿಸ್ತಿದೀನಿ, ಬಂದ್ಬಿಡು! ಬರ್ದಿದ್ರೆ ನಾಳೆಯಿಂದ ಗೇಟೊಳಗೆ ಕಾಲಿಡ್ಬೇಡ!"

ಉಗ್ರಬಾಹು ತನಗೆ ತಾನೇ ಬೈದುಕೊಂಡಿದ್ದನ್ನು ಕಂಡು ಜನ ಬಿದ್ದು ಬಿದ್ದು ನಕ್ಕರು. "ಒನ್ಸ್ ಮೋರ್!" ಭೀಮರಾಜ್ ಅವರಿಗೆ ಅದು ಕೇಳಿಸಿತು. ಅವರು ಇನ್ನಷ್ಟು ಸಿಟ್ಟಿನಿಂದ ಎಲ್ಲವನ್ನೂ ಇನ್ನೊಮ್ಮೆ ಹೇಳಿದರು.

ಮೇಷ್ಟ್ರು ಪರದೆ ಇಳಿಸಿ, ಅದರ ಮುಂದೆ ಸಖಿಯರ ನೃತ್ಯ ಶುರು ಮಾಡಿಸಿದರು. ಕಂಪನಿಯ ವ್ಯಾನು ಬಂತು. ಬಣ್ಣ ಒರೆಸಲು ಸಮಯವಿರಲಿಲ್ಲ. ರಾಕ್ಷಸ ರಾಜ ಕಿರೀಟ ತಗ್ಗಿಸಿಕೊಂಡು ವ್ಯಾನು ಹತ್ತಿದ. ದಾರಿಯಲ್ಲಿ ಸಿಗ್ನಲ್ಲಿನ ಬಳಿ ಪಕ್ಕದ ಬಸ್ಸಿನ ಮಗುವೊಂದು ಅವನನ್ನು ನೋಡಿ ಕೈಯಲ್ಲಿದ್ದ ಬಿಸ್ಕತ್ತನ್ನು ಕಿಟಕಿಯಿಂದ ಚಾಚಿತು.

ಗೇಟಿನಲ್ಲಿ ಕಾಂತರಾಜು ಕಾಯುತ್ತಿದ್ದ. ಲೈನು ನಿಂತ ಮೇಲೆ ಸುತ್ತು ಹೋಗುವುದಕ್ಕೆ ಏನೂ ಇರಲಿಲ್ಲ, ಅವನನ್ನು ಬಿಟ್ಟುಬಿಟ್ಟಿದ್ದರು. ಸಿದ್ದರಾಜು ವ್ಯಾನಿನಿಂದ ಇಳಿಯುತ್ತಿದ್ದ ಹಾಗೇ ಅವನು ಕಿರೀಟ ತೆಗೆದುಕೊಂಡ, ಮೀಸೆ ಕಿತ್ತುಕೊಂಡ, ಎದೆಯ ಕವಚ ಬಿಚ್ಚಿಕೊಂಡ, ಗದೆ ಕಸಿದುಕೊಂಡ.

"ಸಖಿಯರು ಎರಡ್ನೇ ಸಲ ಕುಣೀತಾವ್ರಂತೆ. ಲೇಟಾದ್ರೆ ಬಿದ್ದೋಗ್ತಾರೆ. ಬರ್ತೀನಿ ಕಣ್ಲಾ!" ಎಂದು ಅದೇ ವ್ಯಾನು ಹತ್ತಿ ಹೋದ.

ಮಿಕ್ಕದ್ದನ್ನು ಊರವರು ಹೇಳುತ್ತಾರೆ. ಸಖಿಯರ ನೃತ್ಯ ಮುಗಿದಾಗ ಉಗ್ರಬಾಹುವಿನ ಬಣ್ಣ ಹೊಸದಾಗಿತ್ತಂತೆ, ತಲೆ ದೊಡ್ಡದಾಗಿತ್ತಂತೆ, ಕಿರೀಟ ನೆತ್ತಿಯ ತುದಿಯಲ್ಲಿ ಕೂತಿತ್ತಂತೆ. ಆದರೆ ದನಿ ಅದೇ ಇದ್ದದ್ದರಿಂದ ಯಾರೂ ಪ್ರಶ್ನಿಸಲಿಲ್ಲ. ಬೇರಿಂಗಿನ ಮಾತಿಗೆ ಕೊನೆಯಲ್ಲೂ ಒನ್ಸ್ ಮೋರ್ ಆಯಿತು. ಮುನಿಲಕ್ಷ್ಮಮ್ಮನವರು ಅಳಿಯನಿಗೆಂದು ತಂದ ಸೇವಂತಿಗೆ ಹಾರವನ್ನು ರಂಗ ಹತ್ತಿ ತಾವೇ ಹಾಕಿದರು. ಕಾಂತರಾಜು ತಲೆಬಾಗಿ ಹಾಕಿಸಿಕೊಂಡ. ಮುಂದಿನ ಸಲಕ್ಕೂ ಆ ಪಾತ್ರ ಅವನಿಗೇ ಎಂದು ಮೇಷ್ಟ್ರು ಅಲ್ಲೇ ಮೈಕಿನಲ್ಲಿ ಹೇಳಿಬಿಟ್ಟರು.

ಸಿದ್ದರಾಜು ಕೆಂಪು ಮುಖ, ಕಿವಿಯವರೆಗಿನ ಹುಬ್ಬು ಹೊತ್ತು ಮಿಲ್ಲಿನ ಎಡಗಡೆಗೆ ಹೋದ. ಸಂಘಮಿತ್ರ ಮೇಡಂ ಅವನನ್ನು ನೋಡಿ, "ಇದೂ ಆಟಿಟ್ಯೂಡಾ?" ಎಂದು ಕೇಳಿದರು. ಭೀಮರಾಜ್ ಸಿದ್ದರಾಜುವಿನ ಕೈಗೆ ಸ್ಪ್ಯಾನರ್ ತುರುಕಿದರು. ಸಿದ್ದರಾಜು ಬೇರಿಂಗಿನ ಮೇಲೆ ಅಂಗೈ ಇಟ್ಟ. ಬಾವಿಕಟ್ಟೆಯ ಕಲ್ಲಿನಷ್ಟು ತಣ್ಣಗಿತ್ತು. ಬಿಚ್ಚಿ ನೋಡಿದ. ಗ್ರೀಸು ಮೊನ್ನೆ ತಾನು ತುಂಬಿದ್ದು ಬೆಣ್ಣೆಯ ಹಾಗೆ ಹಾಗೆಯೇ ಇತ್ತು. ಅದನ್ನು ಹೇಳಬೇಕೆಂದು ಹೆಲ್ಮೆಟ್ ಹಾಕಿಕೊಂಡು ಬಾಯಿ ತೆರೆದ. ದಯವಿಟ್ಟು ಸಿದ್ದರಾಜು ಅವರನ್ನು ಕರೆಯಿರಿ, ಎಂದಳು ಅವಳು.

ಕಾಂತರಾಜುವನ್ನು ನಾನೇ ಒಂದು ದಿನ ಕೇಳಿದೆ. "ದೇವ್ರಾಣೆ ಬಿಸಿಯಾಗಿತ್ತು. ಮುಟ್ಟಿದ್ರೆ ಕೈ ಸುಡ್ತಿತ್ತು" ಅಂದ. ಮೂರು ಸಲ ಹೇಳಿದರೆ ಮಿಷಿನ್ ನಿಲ್ಲುತ್ತದೆ ಎಂದು ಭಾನುಪ್ರಕಾಶ್ ಹೇಳುವಾಗ ಅವನೂ ಆ ಗುಂಪಿನಲ್ಲೇ ಇದ್ದ. ಸಿದ್ದರಾಜುವನ್ನು ಕೇಳಿದರೆ, ದನಿ ಮರಳಿ ಬಂದ ಮೇಲೂ, ಅವನು ಅಂಗೈ ನೋಡಿಕೊಳ್ಳುತ್ತಾನೆ, ಅಷ್ಟೇ. ಮಿಲ್ಲು ನಿಂತು ವ್ಯಾನು ಬರುವಷ್ಟರಲ್ಲಿ ಬಿಸಿ ಬೇರಿಂಗ್ ಅಷ್ಟು ತಣ್ಣಗಾಗಬಹುದು ಎನ್ನುತ್ತಾರೆ ಕೆಲವರು, ಆಗಲಾರದು ಎನ್ನುತ್ತಾರೆ ಕೆಲವರು. ಅದು ನಿಜವಾಗಿಯೂ ಬಿಸಿಯಾಗಿತ್ತೋ ಇಲ್ಲವೋ, ನನಗೆ ಗೊತ್ತಿಲ್ಲ.